ನಲವತ್ತೆರಡು ಲಾಗಿನ್, ಒಂದು ಕನ್ನಡ

2009ರ ಆಗಸ್ಟಿನಲ್ಲಿ ನಮ್ಮ ಶೀಘ್ರಗಾಮಿ ಪಾರ್ಸೆಲ್ ಸರ್ವಿಸ್ ಮೋಡ ಹತ್ತಿತು. ಅದುವರೆಗೆ ಹನ್ನೊಂದು ಶಾಖೆಗಳವರೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಪಾರ್ಸೆಲ್ ವಿವರ ಬರೆದು, ಸಂಜೆ ಅದನ್ನು ರಾಜಾಜಿನಗರದ ಮುಖ್ಯ ಕಚೇರಿಗೆ ಕಳಿಸುತ್ತಿದ್ದರು. ಅಂದರೆ ಪಾರ್ಸೆಲ್ಲಿನ ಸುದ್ದಿಯೂ ಪಾರ್ಸೆಲ್ಲಾಗಿಯೇ ಬರುತ್ತಿತ್ತು. ಈಗ ಎಲ್ಲವೂ ವೆಬ್‌ಸೈಟಿನಲ್ಲಿ. ತಂತ್ರಾಂಶ ಇರುವುದು ಸಿಂಗಪುರದ ಯಾವುದೋ ಬಾಡಿಗೆ ಯಂತ್ರದಲ್ಲಿ. ನಾವು ಇಲ್ಲಿ ಬ್ರೌಸರ್ ತೆರೆದು ತುಂಬುವುದು. ಇದಕ್ಕೆ ಕ್ಲೌಡ್ ಎನ್ನುತ್ತಾರೆ ಎಂದು ಮಾಲೀಕರಾದ ಬೆಟ್ಟಯ್ಯನವರಿಗೆ ವಿವರಿಸಿದಾಗ, "ಮಳೆ ಬಂದ್ರೆ ಏನಯ್ಯಾ ಗತಿ?" ಎಂದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಾನು ತಕ್ಷಣ ನಿಲ್ಲಿಸಿದೆ. ನಾನು ಅಲ್ಲಿ ಸಿಸ್ಟಂ ಅಡ್ಮಿನ್, ಹೆಸರು ವೆಂಕಟೇಶ್. ನಗಲು ಸಂಬಳ ಕೊಡುತ್ತಿರಲಿಲ್ಲ.

ಮೋಡ ಹತ್ತಿದ ಮೊದಲ ವಾರವೇ ಬೆಟ್ಟಯ್ಯನವರು ಒಂದು ಸುತ್ತೋಲೆ ಹೊರಡಿಸಿದರು. ರಾಜ್ಯೋತ್ಸವದೊಳಗೆ ಕಂಪ್ಯೂಟರಿನಲ್ಲಿ ತಪ್ಪಿಲ್ಲದೆ ತುಂಬಲು ಕಲಿಯದ ಶಾಖಾ ಉಸ್ತುವಾರಿಗಳು ಕೌಂಟರ್ ಬಿಟ್ಟು, ಮೊದಲಿನಂತೆ ಸೈಕಲ್ ಹತ್ತಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸಬೇಕು. ಹನ್ನೊಂದು ಶಾಖೆಗೆ ಹೋದ ಈ ಸುತ್ತೋಲೆ ಬರೆದದ್ದು ಮಾತ್ರ ಒಬ್ಬರಿಗಾಗಿ: ಉಲ್ಲಾಳ ಶಾಖೆಯ ರಾಚಪ್ಪನವರಿಗೆ.

ರಾಚಪ್ಪ ಇಳಕಲ್ಲಿನ ಕಡೆಯವರು. ಒಂಬತ್ತು ವರ್ಷ ಕೆಂಗೇರಿಯಿಂದ ಮಾರೇನಹಳ್ಳಿಯವರೆಗೆ ಸೈಕಲ್ ತುಳಿದು ಎರಡೂ ಮೊಣಕಾಲು ಸವೆಸಿಕೊಂಡ ಮೇಲೆ ಅವರಿಗೆ ಆ ಕೌಂಟರಿನ ಕುರ್ಚಿ ಸಿಕ್ಕಿತ್ತು. ಓದಿದ್ದು ಏಳನೇ ಇಯತ್ತೆ, ಕನ್ನಡದಲ್ಲಿ. ನಮ್ಮ ತಂತ್ರಾಂಶವೋ ಅಪ್ಪಟ ಇಂಗ್ಲಿಷಿನದು. ಅದರಲ್ಲೂ ಅಮೆರಿಕದ ಇಂಗ್ಲಿಷ್: ತಿಂಗಳು ಮೊದಲು, ತಾರೀಖು ಆಮೇಲೆ. ಆಗಸ್ಟ್ ಐದರ ಪಾರ್ಸೆಲ್ಲನ್ನು ಮೇ ಎಂಟರದ್ದೆಂದು ತಿಳಿದು ಮೂರು ತಿಂಗಳು ತಡವೆಂದು ಕೆಂಪಗೆ ಮಿನುಗುತ್ತಿತ್ತು. ರಾಚಪ್ಪ ಕೆಂಪು ಕಂಡದ್ದನ್ನೆಲ್ಲ ಒತ್ತಿ ಆರಿಸುತ್ತಿದ್ದರು. ಆರಿಸಿದ್ದೆಲ್ಲ ಕಳಿಸಿದವರಿಗೇ ವಾಪಸ್ ಹೋಗುತ್ತಿತ್ತು. ಹೀಗೆ ಒಂದು ಮಿಕ್ಸಿ ಎರಡು ಸಲ ದಾವಣಗೆರೆ ನೋಡಿಕೊಂಡು ಬಂತು.

ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದವನು ಬೆಟ್ಟಯ್ಯನವರ ಭಾಮೈದನ ಮಗ ರವಿಕುಮಾರ್. ಮನೆ ಶ್ರೀಗಂಧದ ಕಾವಲ್. ಬೈಕಿನಲ್ಲಿ ಉಲ್ಲಾಳ ಅವನಿಗೆ ಐದೇ ನಿಮಿಷ. ಶುರುವಿನಿಂದ ಕೊನೆಯವರೆಗೆ ಇಂಗ್ಲಿಷ್ ಮೀಡಿಯಂ. ಮುಖ್ಯ ಕಚೇರಿಯಲ್ಲಿ ಅವನ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಬಿಡುವಿಲ್ಲದೆ ಮಾಡುತ್ತಿದ್ದ.

"ವೆಂಕಿ, ಮಚ್ಚಾ, ಆ ಅಂಕಲ್‌ಗೆ ಇವೆಲ್ಲ ಯಾಕೆ ಹಿಂಸೆ? ಫ್ರೀ ಮಾಡ್ಬಿಡಿ ಅವ್ರನ್ನ," ಎನ್ನುತ್ತಿದ್ದ, ಗೋಶಾಲೆಯವರಂಥ ಕರುಣೆಯಿಂದ.

ಸೆಪ್ಟೆಂಬರಿನಲ್ಲಿ ಎಲ್ಲ ತಿರುಗಿತು. ನಮ್ಮ ಸುತ್ತಮುತ್ತಲ ಬಡಾವಣೆಗಳ ಕನ್ನಡ ಬಳಗಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಅಧ್ಯಕ್ಷರು ಅಂಜಿನಯ್ಯ. ಪೂರ್ತಿ ಕನ್ನಡದಲ್ಲಿ ವ್ಯವಹರಿಸುವ ಸಂಸ್ಥೆಗೆ ಈ ಸಲ 'ನುಡಿಗಾವಲು ಫಲಕ' ಕೊಡುತ್ತಾರೆಂಬ ಸುದ್ದಿ ಬಂತು. ಪಕ್ಕದ ರಸ್ತೆಯ ಇನ್ನೊಂದು ಪಾರ್ಸೆಲ್ ಕಂಪನಿಯವರು ಅರ್ಜಿ ಹಾಕಿದ್ದಾರೆಂಬ ಸುದ್ದಿಯೂ ಬಂತು. ಎರಡನೆಯ ಸುದ್ದಿ ಕೇಳಿದ ಕೂಡಲೇ ಬೆಟ್ಟಯ್ಯನವರಲ್ಲಿ ಕನ್ನಡಾಭಿಮಾನ ಉಕ್ಕಿತು.

"ಆ ಕ್ಲೌಡನ್ನ ಕನ್ನಡಕ್ಕೆ ತಿರುಗ್ಸೋಕೆ ಎಷ್ಟು ದಿನ ಬೇಕಯ್ಯಾ?"

"ಸಾರ್, ಅದರಲ್ಲಿ ಲೊಕೇಲ್ ಅಂತ ಒಂದು ಸೆಟ್ಟಿಂಗ್ ಇದೆ. ಯಾವ ಭಾಷೆ, ಯಾವ ದೇಶ ಅಂತ ಹೇಳಿದ್ರೆ ತಾರೀಖೂ ನಮ್ಮ ಥರಾನೇ ಬರತ್ತೆ. ಪದಗಳನ್ನ ಮಾತ್ರ ನಾವೇ ತುಂಬಬೇಕು."

"ಪದ ಗಿರಿಜಾದೇವಿ ಕೊಡ್ತಾರೆ. ನೀನು ತುಂಬು."

ಗಿರಿಜಾದೇವಿ ನಮ್ಮ ಅಕೌಂಟ್ಸ್ ಮುಖ್ಯಸ್ಥೆ, ಕಂಪನಿಯ ಕನ್ನಡ ಸಂಘದ ಕಾರ್ಯದರ್ಶಿ. ವೇದಿಕೆಯ ಮೇಲೆ ಅವರ ಕಂಠ ವೀಣೆ, ಕೆಳಗಿಳಿದರೆ ಪೀಪಿ. ಮೂರು ನಿಘಂಟು ಹರಡಿಕೊಂಡು ಕೂತು ಹದಿನೈದು ದಿನದಲ್ಲಿ ನಾನೂರು ಪದ ಕೊಟ್ಟರು. ಪೆಂಡಿಂಗ್ ಎಂಬಲ್ಲಿ 'ವಿಲಂಬಿತ', ಸೇವ್ ಎಂಬಲ್ಲಿ 'ಸಂರಕ್ಷಿಸು', ಪಾರ್ಸೆಲ್ ತಲುಪಿದರೆ 'ವಿತರಣಾ ಸಂಪನ್ನ'. ಸತ್ಯನಾರಾಯಣ ಪೂಜೆ ಮುಗಿದಂತೆ ಕೇಳುತ್ತದೆ ಎಂದೆ. "ನಿಮಗೆ ಭಾಷೆಯ ಗಾಂಭೀರ್ಯ ಗೊತ್ತಾಗಲ್ಲ ವೆಂಕಟೇಶ್," ಎಂದರು. ತುಂಬಿದೆ.

ಒಂದು ಸೋಮವಾರ ಬೆಳಿಗ್ಗೆ ಕನ್ನಡ ಆನ್ ಮಾಡಿದೆ. ಹತ್ತು ನಿಮಿಷದಲ್ಲಿ ಉಲ್ಲಾಳದಿಂದ ಫೋನು.

"ಸರ, ರಾಚಪ್ಪ ಮಾತಾಡೂದ್ರೀ. ನೀವು ಕನ್ನಡ ಬರ್ತೈತಿ ಅಂದಿದ್ರಿ. ಇಲ್ಲಿ ಬರೇ ಚೌಕ ಚೌಕ ಬಂದಾವು. ನಮ್ಮೂರಾಗ ಮನಿ ಕಟ್ಟಾಕ ಸೈತ ಇಷ್ಟು ಇಟ್ಟಂಗಿ ಬೇಕಾಗೂದಿಲ್ರೀ."

ಉಲ್ಲಾಳದಲ್ಲಷ್ಟೇ ಉಳಿದಿದ್ದ ಹಳೆಯ ವಿಂಡೋಸ್‌ನಲ್ಲಿ ಕನ್ನಡ ಅಕ್ಷರ ಮೂಡಬೇಕಾದರೆ ಅದರ ಸಿ.ಡಿ. ಹಾಕಿ ಒಂದು ಕಡೆ ಟಿಕ್ ಮಾಡಬೇಕು. ಸಿ.ಡಿ. ಜೇಬಿಗಿಟ್ಟು ವಿಜಯನಗರದಲ್ಲಿ ಬಸ್ಸು ಹಿಡಿದು ಹೋದೆ. ಟಿಕ್ ಮಾಡಿ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಚೌಕಗಳು ಹೋಗಿ ಅಕ್ಷರಗಳು ಮೂಡಿದವು. ರಾಚಪ್ಪ ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ, ಪೇಪರ್ ಓದುವಂತೆ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಮತ್ತೆ ಮೇಲಿನ ಸಾಲಿಗೇ ಹೋದರು.

"ಏನಾಯ್ತು ರಾಚಪ್ಪನವರೇ? ಪದ ಕಷ್ಟ ಆಯ್ತಾ? 'ವಿಲಂಬಿತ' ಅಂದ್ರೆ..."

"ತಡಾ ಆಗೇತಿ ಅಂತಲ್ರೀ? ಭಜನಿ ಮಂದಿ ನಾವು. ವಿಲಂಬಿತ, ದ್ರುತ್ ಲಯ ಎಲ್ಲಾ ದಿನಾ ಹಾಡೂದು. ಅದಲ್ರೀ ಸರ. ಇಷ್ಟು ದಿನಾ ಇದು ನನ್ನ ಬೈಯಾಕ್ಹತ್ತೇತಿ ಅಂದ್ಕೊಂಡಿದ್ದೆ. ಇದೂ ಪಾಪ 'ದಯವಿಟ್ಟು' ಅಂತ ಬರದೈತಿ ನೋಡ್ರಿ."

ಅವತ್ತಿನಿಂದ ಉಲ್ಲಾಳ ಶಾಖೆಯಲ್ಲಿ ಒಂದೂ ತಪ್ಪಿಲ್ಲ. ಒಂದು ಪಾರ್ಸೆಲ್ಲೂ ಪ್ರವಾಸ ಹೋಗಲಿಲ್ಲ. ರಾಚಪ್ಪನವರ ಕುರ್ಚಿ ಉಳಿಯಿತು ಎಂದುಕೊಂಡು ನಾನು ಖುಷಿಯಾಗಿ ವಾಪಸ್ ಬಂದೆ.

ಬಂದರೆ ಮುಖ್ಯ ಕಚೇರಿಯಲ್ಲಿ ಕೆಲಸ ನಿಂತಿತ್ತು. ಎಲ್ಲರೂ ಪರದೆಯನ್ನು ದಿಟ್ಟಿಸುತ್ತ, ದೊಡ್ಡ ಪರೀಕ್ಷೆಗೆ ಬೇರೆ ವಿಷಯ ಓದಿಕೊಂಡು ಬಂದವರಂತೆ ಕೂತಿದ್ದರು. ಯಾರೂ ದೂರು ಹೇಳಲಿಲ್ಲ. ಕನ್ನಡದ ಮೇಲೆ ಯಾರು ದೂರು ಹೇಳುತ್ತಾರೆ? ಎದೆಗೆ ಹಳದಿ ಕೆಂಪು ಬ್ಯಾಡ್ಜು ಬೇರೆ ಚುಚ್ಚಿಕೊಂಡಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಗಿರಿಜಾದೇವಿ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ವೆಂಕಟೇಶ್, ಒಂದು ಸಣ್ಣ ವಿಷ್ಯ. ನನಗೊಬ್ಬಳಿಗೆ ಹಳೇದೇ ಕಾಣೋ ಹಾಗೆ ಮಾಡಕ್ಕಾಗತ್ತಾ?"

"ಮೇಡಂ, ಪದಗಳೆಲ್ಲ ನಿಮ್ಮವೇ!"

"ಪದಗಳು ಚೆನ್ನಾಗೇ ಇವೆ ಕಣ್ರೀ. ಅದರಲ್ಲಿ ಸೇವ್ ಬಟನ್ ಯಾವ್ದು ಅಂತ ಗೊತ್ತಾಗ್ತಿಲ್ಲ ಅಷ್ಟೇ. ತಿಂಗಳ ಕೊನೆ ಬೇರೆ. ಯಾರಿಗೂ ಹೇಳ್ಬೇಡಿ."

ಪಾಪ ಅನಿಸಿತು. ಪ್ರತಿಯೊಬ್ಬರ ಹೆಸರಿನ ಮುಂದೆ 'ಭಾಷೆ' ಎಂದು ಒಂದು ಅಂಕಣ ಸೇರಿಸಿ, ಅವರದ್ದನ್ನು ಇಂಗ್ಲಿಷ್ ಮಾಡಿದೆ. ಸಂಜೆಯೊಳಗೆ ಇನ್ನೂ ಐವರು ಬಂದರು. ಒಬ್ಬರಿಗೆ ಕಣ್ಣು ನೋವು. ಒಬ್ಬರಿಗೆ ಕನ್ನಡ ಅಕ್ಷರ ದುಂಡಗಿರುವುದರಿಂದ ತಲೆ ಸುತ್ತು. ಬಸವೇಶ್ವರನಗರ ಶಾಖೆಯವನು ಫೋನಿನಲ್ಲೇ, "ಗುರು, ನಮ್ದು ಕನ್ನಡ ಫ್ಯಾಮಿಲೀನೇ, ತಪ್ಪು ತಿಳ್ಕೋಬೇಡ," ಎಂದು ಪೀಠಿಕೆ ಹಾಕಿದ. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದರು. ಎಲ್ಲರೂ "ಯಾರಿಗೂ ಹೇಳ್ಬೇಡಿ" ಎಂದರು. ನಾನು ಯಾರಿಗೂ ಹೇಳಲಿಲ್ಲ.

ರವಿಕುಮಾರ್ ಮಾತ್ರ ನಾಚಿಕೆಪಡದೆ ಹಗಲಲ್ಲೇ ಬಂದು, "ಮಚ್ಚಾ, ನಂಗೆ ಕನ್ನಡ ಮಾತಾಡೋಕ್ ಬರತ್ತೆ, ನೋಡೋಕ್ ಬರಲ್ಲ," ಎಂದ. ಅಷ್ಟು ಪ್ರಾಮಾಣಿಕತೆ ಆ ಕಟ್ಟಡದಲ್ಲಿ ಇನ್ನೆಲ್ಲೂ ಸಿಗಲಿಲ್ಲ.

ಕಡೆಗೆ ಬೆಟ್ಟಯ್ಯನವರೇ ಕರೆಸಿದರು. "ಲೋ, ನನ್ನ ಕನ್ನಡಕದ ಪವರ್ ಬದಲಾಗಿದೆ. ಹೊಸದು ಬರೋವರ್ಗೂ ನಂದೊಂದು ಇಂಗ್ಲಿಷಲ್ಲಿರ್ಲಿ. ಕಂಪನಿ ಪಾಲಿಸಿ ಮಾತ್ರ ನೂರಕ್ಕೆ ನೂರು ಕನ್ನಡ. ತಿಳೀತಾ?"

ತಿಳಿಯಿತು. ನನ್ನದನ್ನು ಅದಕ್ಕೂ ಮೊದಲೇ, ಆ ಸೋಮವಾರ ಮಧ್ಯಾಹ್ನವೇ ಬದಲಾಯಿಸಿಕೊಂಡಿದ್ದೆ. ಕೆಲಸದ ಅನುಕೂಲಕ್ಕೆ. ಎಲ್ಲರಿಗೂ ಒಂದು ಕಾರಣ ಇರುತ್ತದೆ, ನನ್ನದು ನಿಜವಾದದ್ದು.

ಅಕ್ಟೋಬರ್ ಕೊನೆಯ ವಾರಕ್ಕೆ ನಲವತ್ತೆರಡು ಲಾಗಿನ್‌ಗಳಲ್ಲಿ ನಲವತ್ತೊಂದು ಇಂಗ್ಲಿಷ್. ಉಳಿದದ್ದು ಒಂದು. ಅಷ್ಟರಲ್ಲಿ ಒಕ್ಕೂಟದಿಂದ ಪತ್ರ ಬಂತು: ನಿಮ್ಮ ಅರ್ಜಿ ಮೆಚ್ಚಿಗೆಯಾಗಿದೆ, ಮೂವತ್ತನೇ ತಾರೀಖು ಶುಕ್ರವಾರ ಅಧ್ಯಕ್ಷರು ಖುದ್ದಾಗಿ ಬಂದು ನೋಡುತ್ತಾರೆ, ಒಂದನೇ ತಾರೀಖು ಫಲಕ ಪ್ರದಾನ, ಅವತ್ತಿನ ಊಟದ ಪ್ರಾಯೋಜಕತ್ವ ತಾವು ವಹಿಸಿಕೊಂಡಿದ್ದಕ್ಕೆ ವಂದನೆಗಳು.

"ಯಾರ್ ಮಾಡಿ ತೋರಿಸ್ತಾರೆ?" ಎಂದರು ಬೆಟ್ಟಯ್ಯ.

ಗಿರಿಜಾದೇವಿ ಗೋಡೆ ನೋಡಿದರು. ರವಿಕುಮಾರ್ ಮೊಬೈಲ್ ನೋಡಿದ.

"ಸಾರ್, ಉಲ್ಲಾಳದ ರಾಚಪ್ಪನವರನ್ನ ಕರ್ಸೋಣ," ಎಂದೆ. "ಅವರೊಬ್ಬರೇ... ಅವರು ಚೆನ್ನಾಗಿ ಮಾಡ್ತಾರೆ."

"ಕರ್ಸು. ಒಂದಿನದ ಮಟ್ಟಿಗೆ ಆಗ್ಲಿ. ಸೋಮವಾರದಿಂದ ಎಲ್ಲಾನೂ ಮೊದಲಿನ ಥರ ಇಂಗ್ಲಿಷ್ ಮಾಡ್ಬಿಡು. ಉಲ್ಲಾಳಕ್ಕೆ ನಮ್ಮ ರವಿ ಹೋಗ್ತಾನೆ."

"ಸಾರ್, ಅವರು ತಪ್ಪಿಲ್ಲದೆ ಮಾಡ್ತಿದಾರಲ್ಲ? ಕನ್ನಡ ಹಾಗೇ ಇದ್ರೆ..."

"ಹಬ್ಬ ಮುಗಿದ್ಮೇಲೂ ತೋರಣ ಇಟ್ಕೊಂಡಿರ್ತಾರೇನಯ್ಯಾ ಯಾರಾದ್ರೂ? ಒಬ್ಬನಿಗೋಸ್ಕರ ಒಂದು ಭಾಷೆ ನಡೆಸೋಕಾಗತ್ತಾ?"

ಆ ಮಾತನ್ನು ನಾನು ಅದೇ ಧ್ವನಿಯಲ್ಲಿ, ಅದೇ ಮೂಗಿನಲ್ಲಿ ರಾಚಪ್ಪನವರಿಗೆ ಫೋನಿನಲ್ಲಿ ಒಪ್ಪಿಸಿದೆ. ಮಾಲೀಕರ ಧ್ವನಿ ನನಗೆ ಚೆನ್ನಾಗಿ ಬರುತ್ತಿತ್ತು; ಕ್ಯಾಂಟೀನಿನಲ್ಲಿ ಆ ಧ್ವನಿಯಿಂದ ಎಷ್ಟೋ ಜನರಿಗೆ ಸಂಬಳ ಹೆಚ್ಚಿಸಿದ್ದೆ. ರಾಚಪ್ಪ ನಗಲಿಲ್ಲ.

"ಹಂಗಾರ ಸೋಮವಾರ ಮತ್ತ ಸೈಕಲ್ ಏನ್ರೀ ಸರ?"

"ನನ್ನ ಕೈಲಿ ಏನೂ ಇಲ್ಲ ರಾಚಪ್ಪನವರೇ."

"ಹೌದ್ರೀ. ನಿಮ್ಮ ಕೈಯಾಗ ಬರೇ ಕೀಲಿ ಐತಿ," ಎಂದು ಫೋನ್ ಇಟ್ಟರು.

ಶುಕ್ರವಾರ ಅಂಜಿನಯ್ಯನವರು ಬಂದರು. ಜರಿ ಪೇಟ, ಹೆಗಲಿಗೆ ಹಳದಿ ಕೆಂಪು ಶಾಲು, ಹಿಂದೆ ಫೋಟೋ ತೆಗೆಯುವವನು. ಗಿರಿಜಾದೇವಿ ಆರತಿ ಎತ್ತಿದರು. ಆರತಿ ಅಧ್ಯಕ್ಷರಿಗೆ ಒಂದು ಸುತ್ತು, ಕಂಪ್ಯೂಟರಿಗೆ ಮೂರು ಸುತ್ತು. ಮಾನಿಟರಿಗೆ ಸೇವಂತಿಗೆ ಹಾರ ಮೊದಲೇ ಹಾಕಿಯಾಗಿತ್ತು. ಪರದೆಯ ಮೇಲಿನ ಮೂರು ಸಾಲು ಹೂವಿನ ಹಿಂದೆ. ಹೊಸ ಪರದೆ ದೊಡ್ಡದೆಂದು ನನ್ನ ಮೇಜನ್ನೇ ಆರಿಸಿದ್ದರು. ನನ್ನ ಲಾಗಿನ್ನಿಗೆ ಒಂದು ಗಂಟೆಯ ಮಟ್ಟಿಗೆ ಕನ್ನಡ ತೋರಿಸುವಂತೆ ಮಾಡಿ, ರಾಚಪ್ಪನವರನ್ನು ಕೂರಿಸಿದೆ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಅವರು ಹಾರವನ್ನು ತೆಗೆದು ಪಕ್ಕದಲ್ಲಿದ್ದ ರವಿಕುಮಾರನ ಕೈಗೆ ಕೊಟ್ಟರು. ಎಲ್ಲಿಡಬೇಕೆಂದು ತಿಳಿಯದೆ ಅವನು ಕಾರ್ಯಕ್ರಮ ಮುಗಿಯುವವರೆಗೂ ಅದನ್ನು ಹಿಡಿದೇ ನಿಂತಿದ್ದ.

ರಾಚಪ್ಪ ಒಂದು ಪಾರ್ಸೆಲ್ ಬುಕ್ ಮಾಡಿದರು, ಒಂದನ್ನು ಮುಟ್ಟಿಸಿದರು, ಇನ್ನೊಂದು ಎಲ್ಲಿದೆ ಎಂದು ಹುಡುಕಿ ತೋರಿಸಿದರು. ಒಂದೊಂದನ್ನೂ ಗಟ್ಟಿಯಾಗಿ ಓದಿ, ಒತ್ತಿ, ತಿರುಗಿ ನೋಡುತ್ತಿದ್ದರು. "ವಿತರಣಾ ಸಂಪನ್ನ" ಎಂದಾಗ ಅಂಜಿನಯ್ಯನವರು ಕಣ್ಣು ಮುಚ್ಚಿ ತಲೆದೂಗಿದರು.

"ಅದ್ಭುತ! ಬೆಟ್ಟಯ್ಯನವರೇ, ನಿಮ್ಮಲ್ಲಿ ಎಷ್ಟು ಜನ ಹೀಗೆ ಕನ್ನಡದಲ್ಲಿ ಕೆಲಸ ಮಾಡ್ತಾರೆ?"

"ನೂರಕ್ಕೆ ನೂರು, ಅಧ್ಯಕ್ಷರೇ. ನಲವತ್ತೆರಡಕ್ಕೆ ನಲವತ್ತೆರಡು."

ರಾಚಪ್ಪ ಪರದೆಯ ಎಡಭಾಗ ನೋಡಿದರು. ಉಲ್ಲಾಳದ ಅವರ ಲಾಗಿನ್ನಿನಲ್ಲಿ ಇಲ್ಲದ, ಅಡ್ಮಿನ್ನಿಗೆ ಮಾತ್ರ ಕಾಣುವ ಒಂದು ಸಾಲು ಅಲ್ಲಿತ್ತು: 'ಬಳಕೆದಾರರ ಪಟ್ಟಿ'. ಒಮ್ಮೆ ನನ್ನ ಮುಖ ನೋಡಿದರು. ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ. ಅವರು ಒತ್ತಿದರು.

"ಇಲ್ಲೇ ಐತಲ್ರೀ ಎಲ್ಲಾರದೂ. ಹೆಸರು, ಶಾಖೆ, ಭಾಷೆ. ಓದ್ಲೇನ್ರೀ ಅಧ್ಯಕ್ಷರ?"

"ಓದಿ ಓದಿ!"

ಒಂಬತ್ತು ವರ್ಷ ಮನೆಮನೆ ಮುಂದೆ ನಿಂತು 'ಪಾರ್ಸೆಲ್' ಎಂದು ಕೂಗಿದ ಧ್ವನಿ ಅದು.

"ವೆಂಕಟೇಶ್, ಮುಖ್ಯ ಕಚೇರಿ. ಕನ್ನಡ. ಕಂಸದಾಗ: ಒಂದು ತಾಸಿನ ಮಟ್ಟಿಗೆ. ಬೆಟ್ಟಯ್ಯ, ಮುಖ್ಯ ಕಚೇರಿ. ಇಂಗ್ಲಿಷ್. ಗಿರಿಜಾದೇವಿ, ಮುಖ್ಯ ಕಚೇರಿ. ಇಂಗ್ಲಿಷ್. ರವಿಕುಮಾರ್, ಮುಖ್ಯ ಕಚೇರಿ. ಇಂಗ್ಲಿಷ್..."

ಯಾರಾದರೂ ನಿಲ್ಲಿಸುತ್ತಾರೆ ಎಂದು ಎಲ್ಲರೂ ಕಾದರು. ನಿಲ್ಲಿಸುವುದು ಹೇಗೆ? ಕನ್ನಡದಲ್ಲಿ ಓದುತ್ತಿದ್ದಾರೆ! ಗಿರಿಜಾದೇವಿಯವರ ಆರತಿ ತಟ್ಟೆಯಲ್ಲಿ ಕರ್ಪೂರ ಆರಿತು. "ಇಂಗ್ಲಿಷ್, ಇಂಗ್ಲಿಷ್" ಎಂದು ಭಜನೆಯ ಪಲ್ಲವಿಯಂತೆ ಹೋಗುತ್ತ ಹೋಗುತ್ತ ನಲವತ್ತೆರಡನೆಯ ಸಾಲಿಗೆ ಬಂದು ನಿಂತಿತು.

"ರಾಚಪ್ಪ, ಉಲ್ಲಾಳ. ಕನ್ನಡ." ಕನ್ನಡಕ ತೆಗೆದರು. "ಇದು ನಾನ್ರೀ."

ಅಂಜಿನಯ್ಯನವರ ಮುಖದಲ್ಲಿ ಸಿಟ್ಟು ಬಂದು, ಅರ್ಧ ದಾರಿಯಲ್ಲಿ ನಿಂತಿತು. ಭಾನುವಾರದ ಬ್ಯಾನರಿನಲ್ಲಿ ಬೆಟ್ಟಯ್ಯನವರ ಹೆಸರು ಅಚ್ಚಾಗಿತ್ತು. ಆರುನೂರು ಜನಕ್ಕೆ ಊಟ ಅವರದ್ದು. ಹೋಳಿಗೆಯೂ ಇತ್ತು.

"ನೋಡಿ," ಎಂದರು ಕೊನೆಗೆ, ಶಾಲು ಸರಿಪಡಿಸಿಕೊಂಡು. "ಫಲಕಕ್ಕೆ ನೀವು ಅರ್ಹರು. ಅರ್ಹತೆಯನ್ನ ಈಗ ತುಂಬಿಕೊಳ್ಳಿ. ಇವತ್ತೇ, ನನ್ನೆದುರಿಗೇ, ಎಲ್ಲರದ್ದೂ ಕನ್ನಡ ಆಗ್ಬೇಕು. ಬದಲಾಯಿಸೋ ದಾರೀನೇ ಇರಬಾರದು. ತಿಂಗಳಿಗೊಮ್ಮೆ ನಮ್ಮ ಕಾರ್ಯಕರ್ತರು ಹೇಳದೆ ಕೇಳದೆ ಬರ್ತಾರೆ. ಏನಂತೀರಿ?"

ಫೋಟೋದವನು ಕ್ಯಾಮೆರಾ ಎತ್ತಿದ. ಬೆಟ್ಟಯ್ಯನವರು ನಕ್ಕರು. ಆ ನಗುವನ್ನು ಎಷ್ಟೋ ಸಲ ಅಭ್ಯಾಸ ಮಾಡಿದ್ದೇನೆ, ಇವತ್ತಿಗೂ ಬಂದಿಲ್ಲ. "ಮಾಡಯ್ಯಾ ವೆಂಕಟೇಶಾ," ಎಂದರು. "ಕನ್ನಡಕ್ಕಿಂತ ದೊಡ್ಡದೇನಿದೆ?"

ನಾನು 'ಭಾಷೆ' ಅಂಕಣವನ್ನೇ ತಂತ್ರಾಂಶದಿಂದ ಕಿತ್ತು ಹಾಕಿದೆ; ಎಲ್ಲರ ಪರದೆಗೂ ಕನ್ನಡವೊಂದೇ ಉಳಿಯಿತು. ಚಪ್ಪಾಳೆ ಬಿತ್ತು. ರವಿಕುಮಾರ್ ಹಾರ ಹಿಡಿದಿದ್ದರಿಂದ ಅವನೊಬ್ಬ ತಟ್ಟಲಿಲ್ಲ.

ಸೋಮವಾರ ರವಿಕುಮಾರ್ ಹಟ ಬಿಡದೆ ಉಲ್ಲಾಳಕ್ಕೆ ಹೋದ. ಹತ್ತು ಗಂಟೆಗೆ ಕುರ್ಚಿಯಲ್ಲಿ ಕೂತವನು ಹತ್ತೂವರೆಗೆ ನನಗೆ ಫೋನ್ ಮಾಡಿದ. "ಮಚ್ಚಾ, ಎಲ್ಲಾ ಜಿಲೇಬಿ ಥರ ಕಾಣ್ತಿದೆ. ಒಳಗೆ ಹೋಗೋದು ಎಲ್ಲಿ, ಹೊರಗೆ ಬರೋದು ಎಲ್ಲಿ?" ನಾನು ಹೊರಗೆ ಬರುವುದು ಎಲ್ಲಿ ಎಂದು ಹೇಳಿದೆ. ಅವನು ಬಂದ. ಮಧ್ಯಾಹ್ನ ಬೆಟ್ಟಯ್ಯನವರು ಅವನ ಹೆಸರನ್ನು ಆ ಶಾಖೆಯಿಂದ ತೆಗೆದು, ಕೌಂಟರನ್ನು ರಾಚಪ್ಪನವರ ಹೆಸರಿಗೇ ಖಾಯಂ ಮಾಡುವ ಪತ್ರಕ್ಕೆ ಸಹಿ ಹಾಕಿ, ಪತ್ರವನ್ನು ನನ್ನ ಕಡೆ ತಳ್ಳಿದರು. ಬೇರೆ ದಾರಿ ಇರಲಿಲ್ಲ. ಮುಖ್ಯ ಕಚೇರಿಯಲ್ಲಿ ಬೆಳಿಗ್ಗೆಯಿಂದ ಒಂದು ಪಾರ್ಸೆಲ್ಲೂ ಅಲುಗಿರಲಿಲ್ಲ.

ಪತ್ರ ತೆಗೆದುಕೊಂಡು ನಾನು ಉಲ್ಲಾಳ ತಲುಪಿದಾಗ ಕೌಂಟರಿನ ಮುಂದೆ ಐದಾರು ಜನರ ಸಾಲು. ರಾಚಪ್ಪ ಒಂದು ಕೈಯಲ್ಲಿ ಅಂಟು ಟೇಪು ಹಚ್ಚುತ್ತ, ಕಿವಿಗೆ ಫೋನ್ ಒತ್ತಿಕೊಂಡು ಕೂತಿದ್ದರು.

"ಗಿರಿಜಾದೇವಿ ಬಾಯಾರ, ಎಡಕ್ಕ ನೋಡ್ರಿ. 'ಸಂರಕ್ಷಿಸು' ಅಂತ ಐತಿ. ಸ-ಕ್ಕ ಸೊನ್ನಿ... ಹಾಂ, ನಿಮ್ಮದ ಪದ ಅದು. ಒತ್ರಿ. ಆತು. ಇಡ್ತೇನ್ರೀ."

ಇಟ್ಟ ಕೂಡಲೇ ಮತ್ತೆ ರಿಂಗಾಯಿತು. ಬಸವೇಶ್ವರನಗರ. ಅದು ಮುಗಿದರೆ ಇನ್ನೊಂದು. ನಾನು ಪತ್ರ ಮುಂದೆ ಹಿಡಿದೆ. ಅವರು ಅದನ್ನು ಪೂರ್ತಿ, ನಿಧಾನವಾಗಿ ಓದಿ, ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ನನಗೆ ಕೂರಲು ಒಂದು ಪಾರ್ಸೆಲ್ ಡಬ್ಬ ತೋರಿಸಿದರು. ಮೇಲೆ 'ಗಾಜು' ಎಂದು ಬರೆದಿತ್ತು. ನಿಂತೇ ಇದ್ದೆ.

ಫೋನ್ ಮತ್ತೆ ರಿಂಗಾಯಿತು. ಆಚೆ ಕಡೆಯ ಮೂಗಿನ ಧ್ವನಿ ನನಗೂ ಕೇಳಿಸಿತು.

"ರಾಚಪ್ಪನೋರೇ... ನಾನು ಬೆಟ್ಟಯ್ಯ. ಈ ರಿಪೋರ್ಟ್ ತೆಗಿಯೋದು ಎಲ್ಲಿ ಅಂತ ಸ್ವಲ್ಪ..."

"ಹೇಳ್ತೇನ್ರೀ ಸಾಹೇಬ್ರ. ಒಂದ್ ಸ್ವಲ್ಪ ತಡೀರಿ."

ಸಾಲಿನ ಮುಂದೆ ಪಾಪಮ್ಮ ಎಂಬ ಮುದುಕಿ, ಮಗಳ ಊರಿಗೆ ಕಳಿಸಲು ಉಪ್ಪಿನಕಾಯಿಯ ಜಾಡಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದಳು. ಎಣ್ಣೆ ಜಿನುಗುತ್ತಿತ್ತು. ರಾಚಪ್ಪ ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಜಾಡಿಯನ್ನು ಬಿಚ್ಚಿ, ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತತೊಡಗಿದರು.

"ಮಾವಿನಕಾಯೇನವ್ವಾ, ನಿಂಬಿಕಾಯಾ?"

"ಹೇರಳೇಕಾಯಿ ಕಣಪ್ಪಾ."

"ಭಾಳ ಚಲೋ. ಊರು ಹೇಳು, ಬರಕೋತೇನಿ."

ಅವಳು ಊರು ಹೇಳಿದಳು, ಬೀದಿ ಹೇಳಿದಳು, ಅಳಿಯ ಹೇಗೆಂದೂ ಹೇಳಿದಳು. ಮೇಜಿನ ಮೇಲಿನ ಫೋನಿನಿಂದ ಆಗಾಗ "ಹಲೋ" ಎಂದು ಸಣ್ಣಗೆ ಕೇಳುತ್ತಿತ್ತು.